ಹುಳದ ಕಷಾಯವನ್ನು ಕಳ್ಳಭಟ್ಟಿ ಎಂದು ಹೊತ್ತೊಯ್ದ ಅಧಿಕಾರಿಗಳಿಗೆ

ಮಾನ್ಯ ಅಧಿಕಾರಿಗಳೇ,

ನಮ್ಮ ದ್ರಾಕ್ಷಿ ತೋಟದ ಪಂಪ್ ಮನೆಯ ಹಿಂದಿನಿಂದ ತಾವು ಜೀಪಿಗೆ ಏರಿಸಿಕೊಂಡು ಹೋದ ಮೂರು ನೀಲಿ ಡ್ರಮ್ಮುಗಳಲ್ಲಿ ಇದ್ದದ್ದು ಕಳ್ಳಭಟ್ಟಿಗೆ ಇಟ್ಟ ಬೆಲ್ಲದ ಕೊಳೆ ಅಲ್ಲ, ಬಳ್ಳಿಗೆ ಹೊಡೆಯುವ ಸೊಪ್ಪಿನ ಕಷಾಯ. ಇದನ್ನು ನಾನು ತಮಗೆ ಕನ್ನಡದಲ್ಲಿ ಹೇಳಿದೆ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಸೆಲ್ವಿ ತಮಿಳಿನಲ್ಲಿ ಹೇಳಿದಳು. ನಮ್ಮ ಅತ್ತೆ ತೆಲುಗಿನಲ್ಲಿ ಬೈದೂ ಹೇಳಿದರು. ನಮ್ಮ ಸೀಮೆಯಲ್ಲಿ ಮನುಷ್ಯರು ಆಡುವ ಭಾಷೆಗಳು ಇಷ್ಟೇ. ಯಾವುದರಲ್ಲಿ ಹೇಳಿದರೂ ತಮಗೆ ತಲುಪಲಿಲ್ಲವಾದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಬರೆದು ಹೇಳುತ್ತಿದ್ದೇನೆ: ನಮ್ಮ ಡ್ರಮ್ಮುಗಳನ್ನು ವಾಪಸ್ ಕೊಡಿ.

ತಮ್ಮ ಹೆಸರನ್ನಾಗಲಿ, ತಮ್ಮ ಕಚೇರಿ ಯಾವ ರಸ್ತೆಯಲ್ಲಿದೆ ಎಂಬುದನ್ನಾಗಲಿ ನಾನು ಬರೆಯುವುದಿಲ್ಲ. ಮರ್ಯಾದೆಗಲ್ಲ, ಭಯಕ್ಕೆ. ನಮ್ಮ ಯಜಮಾನರು ಸುಧಾಕರ್ ಅವರು ಈ ಪತ್ರದ ವಿಷಯ ಕೇಳಿದ ಕೂಡಲೇ, "ದೊಡ್ಡೋರ ಎಸ್ರು ಬರೀಬ್ಯಾಡ ಕಣೇ, ನಾಳೆ ಬಂದು ಆಲಿನ ಕ್ಯಾನೂ ಎತ್ಕೊಂಡೋದಾರು" ಅಂದರು. ಹಾಲಿನಲ್ಲೂ ನೊರೆ ಬರುತ್ತದಲ್ಲ, ಅವರ ಅನುಮಾನ ಸುಳ್ಳೆನ್ನುವ ಧೈರ್ಯ ನನಗಿಲ್ಲ.

ನಾನು ಕಲ್ಪನ. ಕ್ಯಾಸಂಬಳ್ಳಿ ಹೋಬಳಿಯ ಒಂದು ಊರಿನವಳು. ಒಂದಿಷ್ಟು ರಾಗಿ ಹೊಲ, ಎರಡು ಹಸು, ಕಲ್ಲುಕಂಬ ನೆಟ್ಟು ತಂತಿ ಎಳೆದು ಹಬ್ಬಿಸಿದ ಕಪ್ಪು ದ್ರಾಕ್ಷಿಯ ಚಪ್ಪರ, ಇವಿಷ್ಟರ ಜೊತೆ ನಮ್ಮ ಸಂಸಾರ. ದ್ರಾಕ್ಷಿ ಬೆಳೆಯುವುದೆಂದರೆ ಏನೆಂದು ತಮಗೆ ಹೇಗೆ ಹೇಳಲಿ? ಅದು ಮುದ್ದು ಮಾಡಿ ಕೆಡಿಸಿದ ಮಗುವಿನ ಹಾಗೆ. ಮೋಡ ಕವಿದರೂ ಕಾಯಿಲೆ, ಬಿಸಿಲು ಬಿದ್ದರೂ ಕಾಯಿಲೆ, ಸುಮ್ಮನಿದ್ದರೂ ಎಲ್ಲಿಂದಲೋ ಹುಳ ಹುಡುಕಿಕೊಂಡು ಬರುತ್ತದೆ. ಹಾಗಾಗಿ ಬಳ್ಳಿ ಕತ್ತರಿಸಿ ಚಾಟನಿ ಮಾಡಿದ ದಿನದಿಂದ ಗೊಂಚಲು ಕೀಳುವ ದಿನದವರೆಗೆ ನಮ್ಮ ಯಜಮಾನರ ಬೆನ್ನ ಮೇಲಿಂದ ಔಷಧಿ ಹೊಡೆಯುವ ಕ್ಯಾನ್ ಇಳಿಯುತ್ತಿರಲಿಲ್ಲ. ಅದನ್ನು ನಾವು ಔಷಧಿ ಅನ್ನುತ್ತೇವೆ. ಬಾಟಲಿಯ ಮೇಲೆ ತಲೆಬುರುಡೆ ಇರುತ್ತದೆ, ಆದರೂ ಔಷಧಿ ಅನ್ನುತ್ತೇವೆ.

ಹೊಲದಲ್ಲಿ ಔಷಧಿ ಹೊಡೆಯುವವನು ಕೆಳಕ್ಕೆ ಹೊಡೆಯುತ್ತಾನೆ. ಚಪ್ಪರದ ತೋಟದಲ್ಲಿ ಮೇಲಕ್ಕೆ ಹೊಡೆಯಬೇಕು. ಮೇಲಕ್ಕೆ ಹೊಡೆದದ್ದು ಯಾರ ಮುಖಕ್ಕೆ ಬೀಳುತ್ತದೆ ಅಂತ ಕಂಡುಹಿಡಿಯಲು ಪ್ರಯೋಗಾಲಯ ಬೇಕಾಗಿಲ್ಲ. ನಮ್ಮವರದು ಲುಂಗಿ ಮೇಲಕ್ಕೆ ಕಟ್ಟುವುದು, ಬಾಯಿಗೊಂದು ಟವೆಲ್ ಸುತ್ತುವುದು, ಬರಿಗೈಯಲ್ಲಿ ಔಷಧಿ ಕಲಕುವುದು. ಕಸ ಸಿಕ್ಕಿ ಕ್ಯಾನಿನ ಮೂತಿ ಕಟ್ಟಿಕೊಂಡರೆ ಬಾಯಿಗಿಟ್ಟು ಉಫ್ ಎಂದು ಊದುವುದು. "ಬಾಯಲ್ಲಿ ಊದ್ಬ್ಯಾಡ್ರೀ" ಅಂದರೆ, "ಮೂಗಲ್ಲಿ ಊದಕ್ಕಾಯ್ತದಾ?" ಅಂತ ನಗುವುದು. ಹೀಗೆ ನಗುತ್ತಿದ್ದ ಮನುಷ್ಯ ಹೋದ ಫಸಲಿನಲ್ಲಿ ಚಪ್ಪರದ ಕೆಳಗೆ ಕ್ಯಾನ್ ಸಮೇತ ಬಿದ್ದುಬಿಟ್ಟರು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕೈಕಾಲು ನಡುಕ. ಸೆಲ್ವಿ ಓಡಿ ಬಂದು ಅವರ ಅಂಗಿ ಹರಿದು ಬೋರ್‌ವೆಲ್ ನೀರು ಸುರಿಯದೇ ಇದ್ದಿದ್ದರೆ, ನಾನು ಹಾಲು ಕರೆಯುವುದು ಬಿಟ್ಟು ಬರುವ ಹೊತ್ತಿಗೆ ಏನಾಗಿರುತ್ತಿತ್ತೋ.

ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಹೀಗಾದರೆ ಇಲ್ಲಿವರೆಗೂ ಕರ್ಕೊಂಡು ಬರೋಷ್ಟು ಟೈಮ್ ಸಿಗಲ್ಲಮ್ಮ. ಆ ಕ್ಯಾನನ್ನ ಇವರು ಮುಟ್ಟಲೇಬಾರದು" ಅಂದರು. ನಮ್ಮ ಯಜಮಾನರು ಮನೆಗೆ ಬಂದು ಮುದ್ದೆ ಮುರಿಯುತ್ತಾ, "ಬಿಸ್ಲಿಗೆ ತಲೆ ಸುತ್ತಿದ್ದಕ್ಕೆ ಇಷ್ಟೊಂದಾ" ಅಂದರು. ಆವತ್ತು ನಮ್ಮ ಮನೆಯಲ್ಲಿ ಆದ ಜಗಳ ನಮ್ಮ ಬೀದಿಯಲ್ಲಿ ಇನ್ನೂ ಮಾತಿಗೆ ಬರುತ್ತದೆ. ತವರಿಗೆ ಹೋಗುತ್ತೇನೆ ಅಂತ ಬ್ಯಾಗು ಕಟ್ಟಿದೆ. ಹಸು ಕರೆಯುವವರು ಯಾರು ಅಂತ ಯೋಚಿಸಿ ಬಿಚ್ಚಿದೆ. ಕೊನೆಗೆ ಅವರು ಒಂದು ಮಾತಿಗೆ ಬಂದರು. "ಆಯ್ತು, ಈ ಒಂದು ಫಸಲು ನಿನ್ನ ಕೈಗೆ. ಸೊಪ್ಪೋ ಸದೆಯೋ ಏನಾನಾ ಒಡಿ. ಆದ್ರೆ ಉಳ ಗೊಂಚ್ಲಿಗೆ ಬಂತು ಅಂದ್ರೆ ನಾನು ಕ್ಯಾನ್ ಎತ್ಕೊಂತೀನಿ, ಆಗ ಅಡ್ಡ ಬರಂಗಿಲ್ಲ." ಒಪ್ಪಿದೆ. ಸ್ವಾಮಿ, ತಾವು ಹೊತ್ತೊಯ್ದದ್ದು ಡ್ರಮ್ಮುಗಳನ್ನಲ್ಲ, ಈ ಒಪ್ಪಂದದಲ್ಲಿ ನನ್ನ ಪಾಲಿಗಿದ್ದ ಒಂದೇ ಆಯುಧವನ್ನು.

ಸೊಪ್ಪಿನ ಮದ್ದು ಅಂದ ಕೂಡಲೇ ನಮ್ಮ ಅತ್ತೆ ಮುನಿಶಾಮಮ್ಮನವರು ಎದ್ದು ಕೂತರು. ಅವರು ಸುತ್ತಿನ ಹಳ್ಳಿಗಳಿಗೆ ಕಾಮಾಲೆಗೆ ನಾಟಿ ಮದ್ದು ಕೊಡುವವರು. ನಮ್ಮ ಕಡೆ ಹೀಗೆ ಮದ್ದು ಕೊಡುವವರಿಗೆ ಒಂದು ಕಟ್ಟುಪಾಡು ಉಂಟು. ಮದ್ದಿನಲ್ಲಿ ಬಿದ್ದ ಸೊಪ್ಪಿನ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಮದ್ದು ಸತ್ತುಹೋಗುತ್ತದೆ, ಬರೀ ಪಸರು, ಅಂದರೆ ಸೊಪ್ಪಿನ ರಸ, ಉಳಿಯುತ್ತದೆ. ಬೆಳಗ್ಗೆ ಮುಖ ತೊಳೆಯುವ ಮುಂಚೆ, ಯಾರನ್ನೂ ಮಾತಾಡಿಸದೆ ಹೋಗಿ ಸೊಪ್ಪು ಕಿತ್ತು, ಸೆರಗಿನ ಅಡಿಯಲ್ಲಿ ಮುಚ್ಚಿಕೊಂಡು ಬರಬೇಕು. ಅಂಗೈಯಗಲದ ಮದ್ದಿಗೆ ಇದು ಸರಿ. ಡ್ರಮ್ಮುಗಟ್ಟಲೆ ಕಷಾಯಕ್ಕೆ ಸೆರಗು ಎಲ್ಲಿ ಸಾಲಬೇಕು? ನಾನು, ಸೆಲ್ವಿ, ಅತ್ತೆ, ಮೂವರೂ ಗೋಣಿಚೀಲಗಳಲ್ಲಿ ಸೊಪ್ಪು ತುಂಬಿ, ಮೇಲೆ ಹಳೇ ಸೀರೆ ಹೊದಿಸಿ, ಎದುರು ಸಿಕ್ಕವರಿಗೆ ಉತ್ತರ ಕೊಡದೆ ತಲೆ ತಗ್ಗಿಸಿಕೊಂಡು ಹೊತ್ತು ತಂದೆವು. ಈಗ ಯೋಚಿಸಿದರೆ, ನಮ್ಮನ್ನು ನೋಡಿದವರಿಗೆ ಏನು ಅನ್ನಿಸಿರಬಹುದು ಎಂಬುದು ನನಗೂ ಅರ್ಥವಾಗುತ್ತದೆ.

ತಮಾಷೆ ಏನೆಂದರೆ ಅದರಲ್ಲಿ ಗುಟ್ಟು ಎಂಬುದು ಏನೇನೂ ಇಲ್ಲ. ರೈತರಿಗೆ ಹಂಚುವ ಕರಪತ್ರದಲ್ಲಿ ಎಲ್ಲವೂ ಬಣ್ಣದ ಚಿತ್ರ ಸಮೇತ ಅಚ್ಚಾಗಿದೆ. ಮೊಬೈಲಿನಲ್ಲಿ ತಂಪು ಕನ್ನಡಕ ಹಾಕಿಕೊಂಡ ಒಬ್ಬ ಮನುಷ್ಯ ಹಿನ್ನೆಲೆ ಸಂಗೀತದ ಜೊತೆ ಒಂದೊಂದೇ ಸೊಪ್ಪನ್ನು ಎತ್ತಿ ಎತ್ತಿ ತೋರಿಸುತ್ತಾನೆ. ಅದನ್ನು ಅತ್ತೆಗೆ ತೋರಿಸಿ, "ನೋಡಿ ಅತ್ತೆ, ನೀವು ಆಕಿರೋದೆಲ್ಲಾ ಇವನೂ ಏಳ್ತಾವ್ನೆ" ಅಂದೆ. ಪೂರ್ತಿ ನೋಡಿದರು. ಆಮೇಲೆ ಮೊಬೈಲನ್ನು ನನ್ನ ಕೈಗಿಟ್ಟು, "ಏಳ್ಬುಟ್ನಲ್ಲಾ, ಇನ್ನು ಅವನ್ದು ಕೆಲ್ಸ ಮಾಡಲ್ಲ. ನಾನು ಏಳಿಲ್ಲ, ನಂದು ಮಾಡ್ತದೆ" ಅಂದರು. ಈ ವಾದವನ್ನು ತಾವು ಯಾವ ಕಾನೂನಿನಿಂದ ಮುರಿಯುತ್ತೀರಿ, ಹೇಳಿ ನೋಡೋಣ.

ಮೊದಲನೇ ಸಲ ಹದ ತಪ್ಪಿತು. ನೀರು ಕಡಿಮೆ ಬೆರೆಸಿ ಹೊಡೆದದ್ದಕ್ಕೆ ದಾರಿ ಪಕ್ಕದ ಒಂದು ಸಾಲಿನ ಚಿಗುರೆಲ್ಲ ಸುಟ್ಟು ಮುದುಡಿಕೊಂಡಿತು. ಅತ್ತೆ ಅದಕ್ಕೆ ನೀರನ್ನು ದೂರಲಿಲ್ಲ, ಸೆಲ್ವಿಯನ್ನು ದೂರಿದರು. "ಇವ್ಳು ಸೊಪ್ಪು ಕೀಳುವಾಗ ಎಸ್ರು ಅಂದ್ಕೊಂಡವ್ಳೆ." ಸೆಲ್ವಿ ಪಾಪ, "ಬಾಯಲ್ಲಿ ಇಲ್ಲ ಅಜ್ಜಿ, ಮನಸಲ್ಲಿ ಅಂದ್ಕೊಂಡೆ. ಅದೂ ತಮಿಳಲ್ಲಿ. ಅದು ಲೆಕ್ಕಕ್ಕೆ ಬರುತ್ತಾ?" ಅಂತ ಕೇಳಿದಳು. ಅತ್ತೆ ಬಹಳ ಯೋಚಿಸಿ, ಇನ್ನು ಮೇಲೆ ತಮಿಳಲ್ಲೂ ಅಂದುಕೊಳ್ಳಬಾರದು ಅಂತ ತೀರ್ಪು ಕೊಟ್ಟರು. ಎರಡನೇ ಸಲ ನಾನೇ ನಿಂತು ನೀರು ಹೆಚ್ಚು ಬೆರೆಸಿದೆ. ಚಿಗುರಿಗೆ ಅಂಟಿದ್ದ ನುಸಿ ಇಳಿಯಿತು. ಜೇಡಗಳು ತಂತಿಗೆ ಬಲೆ ಕಟ್ಟಿದವು, ಎಷ್ಟೋ ಕಾಲದಿಂದ ನಮ್ಮ ತೋಟದಲ್ಲಿ ಜೇಡ ಕಂಡಿರಲಿಲ್ಲ. ನಮ್ಮ ಯಜಮಾನರು ಎಲೆ ಮಗುಚಿ ಮಗುಚಿ ನೋಡಿ, "ಈ ಸಲ ಎಲ್ಲಾರ ತ್ವಾಟದಾಗೂ ಉಳ ಕಮ್ಮಿನೇ ಬಿಡು" ಅಂದರು. ಗಂಡಸರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಇನ್ನು ಬೆಲ್ಲದ ವಿಷಯ. ಕಷಾಯ ಚೆನ್ನಾಗಿ ಹುಳಿ ಬರಲಿ, ಎಲೆಗೆ ಅಂಟಿ ನಿಲ್ಲಲಿ ಅಂತ ಅತ್ತೆ ಅದಕ್ಕೆ ಕೊಳೆತ ಕರಿಬೆಲ್ಲ ಹಾಕುತ್ತಾರೆ. ಅದನ್ನು ತರಲು ನಾನು ಬಂಗಾರಪೇಟೆಗೆ ಹೋದೆ. ನೀರೊಡೆದು ಕಪ್ಪಾದ, ತಿನ್ನಲು ಬಾರದ ಬೆಲ್ಲ ಬೇಕು ಅಂದಾಗ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾತಕ್ಕಮ್ಮ?" ಅಂದರು. ಮದ್ದಿಗೆ ಅಂದರೆ ಯಾವ ಮದ್ದು ಅನ್ನುತ್ತಾರೆ, ಯಾವ ಮದ್ದು ಅಂದರೆ ಏನೇನು ಹಾಕುತ್ತೀರಿ ಅನ್ನುತ್ತಾರೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದನ್ನೇ ಹೇಳಿದೆ. "ನಮ್ಮತ್ತೆ ಮನೇಲಿ ಒಂದು ಮಾಡ್ತಾರೆ. ಏನೂ ಅಂತ ಯಾರ್ಗೂ ಏಳ್ಬ್ಯಾಡ ಅಂದವ್ರೆ." ಅಷ್ಟು ಸಾಕಾಯಿತು ಅವರಿಗೆ. ಬೆಲ್ಲವನ್ನು ಚೀಲಕ್ಕೆ ತುಂಬಿ, ಮೇಲೆ ಎರಡು ಸುತ್ತು ಪೇಪರ್ ಮುಚ್ಚಿ, ಆಟೋ ಹತ್ತುವಾಗ ಹಿಂದಿನಿಂದ ಬಂದು, "ಉಸಾರು ಕಣಮ್ಮ" ಅಂತ ಪಿಸುಗುಟ್ಟಿದರು. ಎಷ್ಟು ಒಳ್ಳೆಯವರು ಅಂದುಕೊಂಡೆ. ಆ ಒಳ್ಳೆಯವರಿಂದಲೇ ತಮಗೆ ಸುದ್ದಿ ಬಂತೋ, ಸೊಪ್ಪಿನ ಚೀಲ ನೋಡಿದವರಿಂದ ಬಂತೋ, ನಮ್ಮೂರಿನ ಗಾಳಿಯಲ್ಲಿ ವಾಸನೆಯೇ ನಡೆದುಕೊಂಡು ಬಂತೋ, ನನಗೆ ಗೊತ್ತಿಲ್ಲ.

ಅಂತೂ ಒಂದು ಬೆಳಗ್ಗೆ ತಾವು ಜೀಪಿನಲ್ಲಿ ಬಂದಿರಿ. ಜೀಪು ಕಂಡದ್ದೇ ನಮ್ಮ ಯಜಮಾನರು ಕಲ್ಲುಕಂಬದ ಹಿಂದಕ್ಕೆ ಸರಿದುಕೊಂಡರು. ದೃಷ್ಟಿ ಬೀಳದಿರಲಿ ಅಂತ ಅತ್ತೆ ಡ್ರಮ್ಮುಗಳಿಗೆ ಗೋಣಿ ಹೊದಿಸಿ, ಅದರ ಮೇಲೆ ಮುಳ್ಳುಕೊಂಬೆ ಎಳೆದು ಮುಚ್ಚಿದ್ದರು. ತಾವು ಅದನ್ನು ಸರಿಸಿ, "ಏನಜ್ಜಿ ಇದು?" ಅಂದಿರಿ.

"ಮದ್ದು ನೈನಾ."

"ಏನೇನು ಹಾಕಿದ್ದೀಯಾ?"

"ಅದೊಂದು ಏಳಂಗಿಲ್ಲ."

"ಯಾಕೆ ಹೇಳಂಗಿಲ್ಲ?"

"ಏಳಂಗಿದ್ರೆ ಇಲ್ಲಿ ಯಾಕೆ ಮುಚ್ಚಿಡ್ತಿದ್ದೆ?"

"ಎಷ್ಟು ವರ್ಷದಿಂದ ಮಾಡ್ತಿದ್ದೀಯಾ?"

"ನಮ್ಮವ್ವನ ಕಾಲ್ದಿಂದ. ಸುತ್ತಿನ ಊರೋರೆಲ್ಲಾ ನನ್ನತ್ರಾನೇ ಬರೋದು. ಓದ್ ತಿಂಗ್ಳು ಒಬ್ಬ ಪೋಲೀಸಿನೋನೂ ಬಂದು ಇಸ್ಕೊಂಡೋದ."

ಅತ್ತೆ ಕಾಮಾಲೆ ಮದ್ದಿನ ಮಾತಾಡುತ್ತಿದ್ದರು. ಆ ಪೊಲೀಸಿನವರ ಕಣ್ಣು ಅರಿಶಿನ ಬಳಿದಂತೆ ಇತ್ತು, ನಾನೇ ನೋಡಿದ್ದೇನೆ. ಆದರೆ ತಮ್ಮ ಮುಖದ ಮೇಲೆ ಅಷ್ಟು ಹೊತ್ತಿಗೆ ಎಂಥ ಸಂತೋಷ ಮೂಡಿತ್ತೆಂದರೆ, ನಡುವೆ ಬಾಯಿ ಹಾಕಲು ನನಗೇ ಸಂಕೋಚವಾಯಿತು. ಆದರೂ ಹಾಕಿದೆ. "ಸಾರ್, ಅದು ದ್ರಾಕ್ಷಿಗೆ ಒಡೆಯೋದು, ಬೇಕಾದ್ರೆ ಕ್ಯಾನ್ ನೋಡಿ" ಅಂದೆ. ದ್ರಾಕ್ಷಿ ಅಂದದ್ದು ಇನ್ನೂ ತಪ್ಪಾಯಿತು. ಬೆಲ್ಲದ ಜೊತೆ ದ್ರಾಕ್ಷಿಯನ್ನೂ ಹಾಕುತ್ತೀರಾ ಅಂತ ಕೇಳಿ ಬರೆದುಕೊಂಡಿರಿ.

ಆಗ ತಮ್ಮ ಸಿಬ್ಬಂದಿಯಲ್ಲಿ ಒಬ್ಬ ಹಿರಿಯರು ಮುಂದೆ ಬಂದರು. ಅನುಭವಸ್ಥರು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಡ್ರಮ್ಮಿನೊಳಗೆ ಬೆರಳು ಅದ್ದಿದರು. "ಸಾರ್, ಬಾಯಿಗೆ ಇಟ್ಕೋಬ್ಯಾಡಿ!" ಅಂತ ನಾನೂ ಸೆಲ್ವಿಯೂ ಒಟ್ಟಿಗೆ ಕೂಗಿದೆವು. "ಎಲ್ಲಾ ಕಡೇನೂ ಇದನ್ನೇ ಹೇಳ್ತಾರಮ್ಮಾ" ಅಂತ ನಕ್ಕು ಬೆರಳನ್ನು ನಾಲಿಗೆಗೆ ಒರೆಸಿಕೊಂಡೇಬಿಟ್ಟರು. ತಿಂಗಳುಗಟ್ಟಲೆ ಕೊಳೆತ ಗಂಜಳ, ಸಗಣಿ, ಅರೆದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಅದರ ಮೇಲೆ ಕಹಿಗೆ ಹೆಸರಾದ ಸೊಪ್ಪುಗಳು. ಆ ಮನುಷ್ಯನ ಕಣ್ಣು ಮೊದಲು ದೊಡ್ಡದಾಯಿತು, ಆಮೇಲೆ ಮುಚ್ಚಿತು. ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತವರು ಬಹಳ ಹೊತ್ತು ಏಳಲಿಲ್ಲ. ಸೆಲ್ವಿ ನೀರು ಹಾಕಿದಳು, ನಾನು ಮಜ್ಜಿಗೆ ಕೊಟ್ಟೆ, ಅತ್ತೆ ಬೆನ್ನು ನೀವುತ್ತಾ, "ಉಳಾನೂ ಇಂಗೇ ಮಾಡ್ತದೆ ನೈನಾ, ಒಸಿ ಒತ್ತು ಒದ್ದಾಡಿ ಸುಮ್ನಾಗ್ತದೆ" ಅಂತ ಸಮಾಧಾನ ಹೇಳಿದರು. ಇಷ್ಟಾದ ಮೇಲಾದರೂ ತಮಗೆ ತಿಳಿಯುತ್ತದೆ ಅಂದುಕೊಂಡೆ. ತಾವು ಮಹಜರಿನಲ್ಲಿ ಬರೆಸಿದ್ದು ಏನು? "ಕಟುವಾದ ವಾಸನೆಯುಳ್ಳ, ಸೇವಿಸಿದವರನ್ನು ತೀವ್ರವಾಗಿ ಅಸ್ವಸ್ಥಗೊಳಿಸುವ ದ್ರವ." ನಮ್ಮೂರಿನಲ್ಲಿ ಅದನ್ನು ಸೇವಿಸಿದ ಮನುಷ್ಯರು ತಮ್ಮವರೊಬ್ಬರೇ, ಸ್ವಾಮಿ.

ಆಮೇಲೆ ಡ್ರಮ್ಮುಗಳು ಜೀಪು ಹತ್ತಿದವು. ನಮ್ಮೂರ ರಸ್ತೆಯ ಹಂಪಿನ ಮೇಲೆ ಒಂದರ ಮುಚ್ಚಳ ಹಾರಿತೆಂದೂ, ಡ್ರೈವರ್ ಅವರು ಅಲ್ಲಿಂದ ಮುಂದೆ ತಲೆಯನ್ನು ಹೊರಗಿಟ್ಟುಕೊಂಡೇ ಓಡಿಸಿದರೆಂದೂ ಕೇಳಿದೆ. ಅವರ ವಿಷಯದಲ್ಲಿ ನನಗೆ ನಿಜವಾಗಿಯೂ ಬೇಸರವಿದೆ.

ತಮ್ಮ ಕಚೇರಿಗೆ ನಾನು ಎಷ್ಟು ಸಲ ಬಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಂದಾಗಲೆಲ್ಲ ತಾವು ಮೀಟಿಂಗಿನಲ್ಲಿದ್ದಿರಿ, ಡ್ರಮ್ಮುಗಳು ಕಾಂಪೌಂಡಿನಲ್ಲಿದ್ದವು. ತಯಾರಿಸಿದವರು ಖುದ್ದಾಗಿ ಬಂದು ಏನೇನು ಹಾಕಿದ್ದಾರೆ ಅಂತ ಹೇಳಿಕೆ ಕೊಟ್ಟರೆ ಬಿಡಬಹುದು ಅಂದರು ತಮ್ಮ ಸಿಬ್ಬಂದಿ. ನಾನೇ ಹೇಳುತ್ತೇನೆ ಅಂದೆ. "ತಯಾರಿಸಿದವರು ನೀವಲ್ಲವಲ್ಲಮ್ಮ" ಅಂದರು. ಕರಪತ್ರ ತಂದು ತೋರಿಸಿದೆ. ಇದು ಸರ್ಕಾರದ ಮಾಹಿತಿ, ಈ ಡ್ರಮ್ಮಿನ ಮಾಹಿತಿ ಅಲ್ಲ ಅಂದರು. ಸ್ಯಾಂಪಲ್ ಪರೀಕ್ಷೆಗೆ ಹೋಗಿದೆಯಂತೆ, ಬರಬೇಕಂತೆ. ಈ ನಡುವೆ ತಮ್ಮವರೊಬ್ಬರು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, ತಮ್ಮ ಮನೆಯ ಕರಿಬೇವಿನ ಗಿಡಕ್ಕೆ ಹುಳ ಬಿದ್ದಿದೆ, ಡ್ರಮ್ಮಿನಿಂದ ಒಂದು ಲೋಟ ತೆಗೆದುಕೊಂಡರೆ ಎಷ್ಟು ನೀರು ಬೆರೆಸಬೇಕು ಅಂತ ವಿಚಾರಿಸಿದರು. ಹೇಳಿದೆ. ಅವರ ಗಿಡವಾದರೂ ಬದುಕಲಿ.

ಕೊನೆಗೆ ಅತ್ತೆಯ ಕೈಕಾಲು ಹಿಡಿದು ಕಚೇರಿಗೆ ಕರೆದುಕೊಂಡು ಬಂದೆ. ಮದುವೆಗೆ ಉಡುವ ಸೀರೆ ಉಟ್ಟು, ಎಲೆಅಡಿಕೆ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಬರೆದುಕೊಳ್ಳುವವರು ಪೆನ್ನು ಹಿಡಿದು, "ಹೇಳಜ್ಜಿ" ಅಂದರು. "ಏಳಲ್ಲ" ಅಂದರು ಅತ್ತೆ. ಹೊರಗೆ ಬಂದ ಮೇಲೆ ನನಗೆ ತಡೆಯಲಾಗದೆ ಬಸ್‌ಸ್ಟ್ಯಾಂಡಿನಲ್ಲೇ ಜೋರು ಮಾಡಿದೆ. ಅವರು ನಿಧಾನವಾಗಿ ಹೇಳಿದರು: "ನಿನ್ಗೆ ತಿಳಿಯಾಕಿಲ್ಲ. ಮದ್ದು ಒಳ್ಗೆ ಅವರತ್ರ ಐತೆ. ನಾನು ಈಗ ಎಸ್ರು ಏಳ್ಬುಟ್ರೆ ಅದು ಅಲ್ಲೇ ಬರೀ ನೀರಾಗ್ತದೆ. ಬರೀ ನೀರು ಒತ್ಕೊಂಡೋಗಿ ಬಳ್ಳಿಗೆ ಒಡುದ್ರೆ ಉಳ ಸಾಯ್ತದಾ?" ಹೀಗಿದೆ ನನ್ನ ಪರಿಸ್ಥಿತಿ. ಅತ್ತೆ ಹೇಳಿದರೆ ಡ್ರಮ್ಮು ಬರುತ್ತದೆ, ಅವರ ಪ್ರಕಾರ ಮದ್ದು ಬರುವುದಿಲ್ಲ. ಹೇಳದಿದ್ದರೆ ತಮ್ಮ ಪ್ರಕಾರ ಎರಡೂ ಬರುವುದಿಲ್ಲ. ಒಂದು ಕಡೆ ಇಲಾಖೆ, ಇನ್ನೊಂದು ಕಡೆ ಅತ್ತೆ. ಇವೆರಡರ ನಡುವೆ ಸಿಕ್ಕಿಕೊಂಡ ಸೊಸೆಗೆ ಯಾವ ಕಾನೂನಿನಲ್ಲಿ ಪರಿಹಾರವಿದೆ?

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ನಮ್ಮ ಯಜಮಾನರು ಕುಡಿದು ಬಿದ್ದದ್ದಲ್ಲ, ಆ ಬಾಟಲಿಯ ಔಷಧಿ ಹೊಡೆದು ಬಿದ್ದದ್ದು. ಅದನ್ನು ಅಂಗಡಿಯಲ್ಲಿ ಕೊಂಡಾಗ ಯಾತಕ್ಕೆ ಅಂತ ಯಾರೂ ಕೇಳಲಿಲ್ಲ. ಯಾರೂ ಬೆರಳದ್ದಿ ನೋಡಲಿಲ್ಲ. ಅಂಗಡಿಯವರು ಮೇಲೆ ಕಂಪನಿ ಹೆಸರು ಹಾಕಿದ ಒಂದು ಟೋಪಿಯನ್ನೂ ಪುಕ್ಕಟೆ ಕೊಟ್ಟು ಕಳಿಸಿದರು. ಮನುಷ್ಯನನ್ನು ಕೆಡವಿದ ಬಾಟಲಿಗೆ ಟೋಪಿ, ಹುಳವನ್ನು ಕೆಡವಿದ ಡ್ರಮ್ಮಿಗೆ ಮಹಜರು! ಸೆಲ್ವಿಯದು ನಂದಿದುರ್ಗ ಚಿನ್ನದ ಗಣಿಯ ಕೂಲಿಯವರಿಗೆ ಕಟ್ಟಿದ ಲೈನ್ ಮನೆ. ಅವಳ ತಾತ ಆ ಗಣಿಗೆ ಇಳಿದವರು. ಗಾಳಿ ಎದ್ದರೆ ಇವತ್ತಿಗೂ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದುಹೋದ ಸೈನೈಡ್ ಮಣ್ಣಿನ ಗುಡ್ಡದ ಬೂದಿಯಂಥ ಧೂಳು ಅವಳ ಮನೆಯ ಅನ್ನದ ತಟ್ಟೆಗೆ ಬಂದು ಕೂರುತ್ತದೆ. ಡ್ರಮ್ಮು ಹೋದ ದಿನ ಅವಳು ಹೇಳಿದ್ದು ಇಷ್ಟು: "ಆ ಗುಡ್ಡಾನ ಜೀಪಲ್ಲಿ ಏರಿಸಕ್ಕಾಗಲ್ಲ ಅಕ್ಕಾ, ಡ್ರಮ್ ಅಂದ್ರೆ ಸುಲಭ." ಇದಕ್ಕೆ ಉತ್ತರ ತಾವಾದರೂ ಕೊಡಬಹುದು.

ಈಗ ತಮಾಷೆ ಬಿಟ್ಟು ಹೇಳುತ್ತೇನೆ. ಹಿಟ್ಟು ತಿಗಣೆ ಬಂದಿದೆ. ಕಾಯಿ ಬಣ್ಣ ತಿರುಗುವ ಹೊತ್ತಿಗೆ ಗೊಂಚಲಿನ ಒಳಗೆ ಹತ್ತಿ ಮೆತ್ತಿದ ಹಾಗೆ ಬಂದು ಕೂರುವ ಹುಳ ಅದು. ಮೊದಲು ಬಾವಿ ಕಡೆಯ ಸಾಲಿನಲ್ಲಿ ಕಂಡಿತು, ಈಗ ಪಕ್ಕದ ಸಾಲಿಗೂ ದಾಟಿದೆ. ಹೊಸದಾಗಿ ಕಷಾಯ ಹಾಕಿದ್ದೇವೆ, ಅದು ಹದಕ್ಕೆ ಬರಲು ಇನ್ನೂ ವಾರಗಳು ಬೇಕು, ಹುಳಕ್ಕೆ ಅಷ್ಟು ತಾಳ್ಮೆ ಇಲ್ಲ. ನಾನೂ ಸೆಲ್ವಿಯೂ ಬಟ್ಟೆ ಒದ್ದೆ ಮಾಡಿಕೊಂಡು ಗೊಂಚಲು ಗೊಂಚಲನ್ನೇ ಒರೆಸುತ್ತಿದ್ದೇವೆ. ಒರೆಸಿ ಮುಗಿಯುವ ಕೆಲಸ ಅಲ್ಲ ಅದು. ಇವತ್ತು ಬೆಳಗ್ಗೆ ನಮ್ಮ ಯಜಮಾನರು ಅಟ್ಟದ ಮೇಲಿಂದ ಹಳೇ ಕ್ಯಾನನ್ನು ಇಳಿಸಿ, ಧೂಳು ಹೊಡೆದು, ನೀರು ತುಂಬಿ ನೋಡಿದರು. ಅದರ ವಾಷರ್ ಸಿಗಲಿಲ್ಲ. ಯಾಕೆಂದರೆ ಅದನ್ನು ಬಿಚ್ಚಿ ನನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡವಳು ನಾನು. "ಕೊಡೇ" ಅಂದರು. "ನನ್ಗೇನ್ ಗೊತ್ತು" ಅಂದೆ. "ನಾನು ಆಡಿದ ಮಾತು ನೆಪ್ಪೈತಾ?" ಅಂದರು. ನನಗೆ ನೆನಪಿದೆ, ಅವರು ಮಾತು ತಪ್ಪುತ್ತಿಲ್ಲ, ನಾನೇ ಒಪ್ಪಿದವಳು. ಸಂಜೆ ಕ್ಯಾಸಂಬಳ್ಳಿಗೆ ಹೋಗಿ ಹೊಸ ವಾಷರ್ ತರುತ್ತೇನೆ ಅಂತ ಹೇಳಿ ಹಸುಗಳಿಗೆ ಹುಲ್ಲು ತರಲು ಹೋಗಿದ್ದಾರೆ. ಅವರು ಬರುವುದರೊಳಗೆ ಈ ಪತ್ರ ಮುಗಿಸಬೇಕು. ನನಗೆ ಭಯವಾಗಿದೆ ಸ್ವಾಮಿ. ಬೆಳೆ ಹೋದರೆ ಇನ್ನೊಂದು ಚಾಟನಿ ಮಾಡಬ‌ಹುದು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಡ್ರಮ್ಮುಗಳನ್ನು ಕೂಡಲೇ ಬಿಟ್ಟುಕೊಡಿ. ನಿಯಮ ಅಡ್ಡ ಬರುತ್ತದೆ, ಪರೀಕ್ಷೆಯ ವರದಿ ಬಂದಿಲ್ಲ, ಇನ್ನೂ ಮೀಟಿಂಗ್ ಇದೆ ಅನ್ನುವುದಾದರೆ ಬೇಡ, ಡ್ರಮ್ಮು ಅಲ್ಲೇ ಇರಲಿ. ಬದಲಿಗೆ ದಯವಿಟ್ಟು ಅದೇ ಜೀಪು ತೆಗೆದುಕೊಂಡು ಇನ್ನೊಂದು ಸಲ ನಮ್ಮ ಮನೆಗೆ ಬನ್ನಿ. ನಮ್ಮ ಅಟ್ಟದ ಮೇಲೆ, ಜೋಳಿಗೆಯ ಹಿಂದೆ, ಹೋದ ಸಲ ಅರ್ಧ ಉಳಿದ ಬಾಟಲಿ ಇದೆ. ಕೆಳಗೆ ಕ್ಯಾನ್ ಇದೆ. ಎರಡನ್ನೂ ವಶಪಡಿಸಿಕೊಳ್ಳಿ. ಹೆಂಡತಿಯ ಮಾತಿಗೆ, ಡಾಕ್ಟರಮ್ಮನ ಮಾತಿಗೆ ಬಗ್ಗದ ಮನುಷ್ಯ ಜೀಪು ಕಂಡರೆ ಮಾತಾಡುವುದಿಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಹಜರಿಗೆ ಸಾಕ್ಷಿ ಬೇಕಾದರೆ ನಾನು ಸಹಿ ಹಾಕುತ್ತೇನೆ, ಸೆಲ್ವಿ ತಮಿಳಿನಲ್ಲಿ ಹಾಕುತ್ತಾಳೆ. ಯಾವ ಕಾನೂನಿನ ಅಡಿಯಲ್ಲಿ ಅಂತ ನನ್ನನ್ನು ಕೇಳಬೇಡಿ, ಹೋದ ಸಲ ತಾವೂ ನಮಗೆ ಹೇಳಲಿಲ್ಲ.

ಇಷ್ಟು ಬರೆದು ಅತ್ತೆಗೆ ಓದಿ ಹೇಳಿದೆ. ಅವರು ಸೋಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡರು. ಆಮೇಲೆ, "ಇದನ್ನೂ ಬರಿ" ಅಂದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ: "ಆ ಬಾಟ್ಲಿ, ಆ ಕ್ಯಾನು ತಗೊಂಡೋಗ್ಲಿ. ತಗೊಂಡೋದ ದಿನಾನೇ ನಾನು ಅವನ ಕಚೇರಿಗೆ ಬತ್ತೀನಿ, ಒಂದೊಂದು ಸೊಪ್ಪಿನ ಎಸ್ರೂ ಏಳ್ತೀನಿ. ಕಾಮಾಲೆ ಮದ್ದಿಂದೂ ಏಳ್ತೀನಿ, ಬರ್ಕೊಳ್ಳಿ. ಮದ್ದು ಸತ್ರೆ ಸಾಯ್ಲಿ, ಉಳ ಗೊಂಚ್ಲೆಲ್ಲಾ ತಿಂದ್ರೂ ತಿನ್ಲಿ. ನನ್ಗಿರೋನು ಒಬ್ನೇ ಮಗ."

ಬೇಗ ಬನ್ನಿ.

ಇಂತಿ,
ತಮ್ಮ ಮಹಜರಿನಲ್ಲಿ 'ಆರೋಪಿಯ ಸೊಸೆ' ಎಂದು ನಮೂದಾಗಿ, ಆ ಬಗ್ಗೆ ಮಾತ್ರ ಯಾವ ತಕರಾರೂ ಇಲ್ಲದ,
ಕಲ್ಪನ
ಕ್ಯಾಸಂಬಳ್ಳಿ ಹೋಬಳಿ